ಚಂದ್ರಿಯ ಹೆಸರಿನ ಪಾಸ್‌ವರ್ಡ್

ಯರಗಟ್ಟಿಯ ಬಸ್ ನಿಲ್ದಾಣದಿಂದ ಪೇಟೆ ಕಡೆ ಹೋಗುವ ರಸ್ತೆಯಲ್ಲಿ ದನಗಳ ಔಷಧಿ ಅಂಗಡಿಯೊಂದಿದೆ. ಅದರ ಮುಂದೆ ಹಾಯಬಾರದೆಂದು ನಾನು ಎಷ್ಟೋ ಸಲ ಸುತ್ತು ಬಳಸಿ ಹಿಂದಿನ ಓಣಿಯಿಂದ ಹೋಗಿದ್ದೇನೆ. ಬೈಲಹೊಂಗಲಕ್ಕೆ ಸಂಸಾರ ಕಿತ್ತುಕೊಂಡು ಬಂದ ಮೇಲೂ ಯರಗಟ್ಟಿಯ ಋಣ ಹರಿದಿಲ್ಲ. ನಾದಿನಿಯ ಮನೆ ಅಲ್ಲೇ ಇದೆ. ಕುಬಸ, ಗೃಹಪ್ರವೇಶ ಅಂತ ಏನಾದರೊಂದು ಕರೆ ಬರುತ್ತಲೇ ಇರುತ್ತದೆ. ಈ ಸಲ ಹೋದಾಗ ನೇಸರಗಿಯಲ್ಲಿ ಬಸ್ ಬದಲಿಸುವಷ್ಟರಲ್ಲೇ ಮಳೆ ಹಿಡಿದುಕೊಂಡಿತ್ತು. ಯರಗಟ್ಟಿಯಲ್ಲಿ ಇಳಿದರೆ ಹಿಂದಿನ ಓಣಿಯ ತುಂಬ ಎರೆಮಣ್ಣಿನ ರಾಡಿ, ಚಪ್ಪಲಿ ಎತ್ತಿದರೆ ಮಣ್ಣೂ ಜೊತೆಗೆ ಬರುತ್ತಿತ್ತು. ಬೇರೆ ದಾರಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಆಟೋ ಇತ್ತು. ಆದರೆ ನಮ್ಮ ಮನೆಯ ನಾಯಿಗೆ ಉಣ್ಣಿ ಆಗಿದ್ದವು, ಪುಡಿ ಬೇಕಿತ್ತು. ಉಣ್ಣಿಯ ಪುಡಿ ಬೈಲಹೊಂಗಲದಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ನನಗೆ ನೆಪ ಬೇಕಿತ್ತು.

ಮೆಟ್ಟಿಲು ಹತ್ತಿದ ಕೂಡಲೇ ಫಿನಾಯಿಲು, ದನಗಳ ಟಾನಿಕ್ಕು, ಮೂಲೆಯಲ್ಲಿ ನೀರು ಸುರಿಸುತ್ತ ನಿಂತ ಛತ್ರಿ, ಎಲ್ಲ ಕೂಡಿದ ವಾಸನೆಯೊಂದು ಮೂಗಿಗೆ ಬಡಿಯಿತು. ಆ ಛತ್ರಿಯ ಮರದ ಹಿಡಿಕೆ ನನಗೆ ಗುರುತಿತ್ತು. ಅದರ ಒಡೆಯರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕೌಂಟರಿನ ಹಿಂದೆ ಅವರ ತಮ್ಮನ ಮಗಳು ರೇಣುಕಾ. ನನ್ನನ್ನು ಕಂಡು ಅವಳು ನಕ್ಕಳು. ಆ ನಗು ಕಂಡು ನನಗೆ ಆ ವರ್ಷದ ಮಳೆಗಾಲವೆಲ್ಲ ಒಮ್ಮೆಲೇ ಎದೆಗೆ ಬಂದು ಕೂತಿತು.

ಆಗ ಇದೇ ರಸ್ತೆಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇತ್ತು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟು ಹೋದಾಗಲೆಲ್ಲ ಕೀಕ್ ಕೀಕ್ ಎಂದು ಅಳುವ ಒಂದು ಯುಪಿಎಸ್. ಪಹಣಿ, ಬೆಳೆವಿಮೆ, ಜಾತಿ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್ಪು, ಏನೇ ಬೇಕಿದ್ದರೂ ಜನ ‘ಸುಮಿತ್ರಕ್ಕನ ಕಡೆ ಹೋಗ್ರಿ’ ಅನ್ನುತ್ತಿದ್ದರು. ಅದರ ಬಗ್ಗೆ ನನಗೆ ಜಂಬವೂ ಇತ್ತು. ಮುಚ್ಚಿಟ್ಟುಕೊಳ್ಳುವುದೇಕೆ, ಬಹಳವೇ ಇತ್ತು.

ಸರ್ಕಾರಿ ತಾಣಗಳೆಲ್ಲ ಪಾಸ್‌ವರ್ಡ್ ಕೇಳುತ್ತವೆ. ಬರುವ ಜನಕ್ಕೆ ಪಾಸ್‌ವರ್ಡ್ ಅಂದರೆ ಏನೆಂದು ಗೊತ್ತಿಲ್ಲ, ಗೊತ್ತಿದ್ದವರಿಗೆ ನೆನಪಿರುವುದಿಲ್ಲ. ಅದಕ್ಕೆ ನಾನೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಊರಿನ ಹೆಸರು, ಮುಂದೆ ಅಟ್ ಚಿಹ್ನೆ, ಮುಂದೆ ಒಂದು ಎರಡು ಮೂರು. ಕಟಕೋಳದವರಿಗೆಲ್ಲ ಕಟಕೋಳ, ನೇಸರಗಿಯವರಿಗೆಲ್ಲ ನೇಸರಗಿ. ಒಟಿಪಿ ಬರಲಿಕ್ಕೆ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಆದ್ದರಿಂದ ಮೊಬೈಲ್ ನಂಬರಿನ ಜಾಗದಲ್ಲಿ ನನ್ನ ನಂಬರೇ. ಅಂಗಡಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ‘ನಿಮ್ಮದು ಊರಿನ ಹೆಸರೈತ್ರಿ, ಮರೀಬ್ಯಾಡ್ರಿ’ ಅಂತ ಕೂಗಿ ಹೇಳುತ್ತಿದ್ದೆ. ಬೀಗ ಮಾಡುವವನೇ ಇಡೀ ಊರಿಗೆ ಒಂದೇ ಕೀಲಿಕೈ ಮಾಡಿ ಕೊಟ್ಟ ಹಾಗೆ. ಅದನ್ನು ನಾನು ಸೇವೆ ಅಂದುಕೊಂಡಿದ್ದೆ.

ಹಾಗಂತ ನನಗೆ ತಿಳಿವಳಿಕೆ ಇರಲಿಲ್ಲ ಅಂತಲ್ಲ. ಬ್ಯಾಂಕಿನಿಂದ ಮಾತಾಡುತ್ತೇವೆಂದು ಹಿಂದಿಯಲ್ಲಿ ಫೋನ್ ಮಾಡುವವರಿಗೆ ಒಟಿಪಿ ಹೇಳಬೇಡಿ ಅಂತ ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೂ ಹಚ್ಚಿದ್ದೆ. ಕಳ್ಳ ಅಂದರೆ ಎಲ್ಲೋ ದೂರದಲ್ಲಿ ಕೂತು ಬೇರೆ ಭಾಷೆಯಲ್ಲಿ ಮಾತಾಡುವವನು ಅಂತ ನನ್ನ ಲೆಕ್ಕ. ಎದುರಿನ ಕುರ್ಚಿಯಲ್ಲಿ ಕೂತು, ‘ಚಹಾ ತರಸ್ತೇನಿ ತಡಿ’ ಅನ್ನುವವರ ವಿಷಯ ಗೋಡೆಯ ಮೇಲೆ ಬರೆದಿರಲಿಲ್ಲ.

ರೇಣುಕಾ ಮೊದಲ ಸಲ ಬಂದಾಗ ಆಷಾಢದ ಜಿಟಿಜಿಟಿ ಮಳೆ. ಕಟಕೋಳದವಳು. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು, ಕೌನ್ಸೆಲಿಂಗಿಗೆ ಖಾತೆ ತೆರೆಯಬೇಕಿತ್ತು. ಜೊತೆಗೆ ಅವಳ ದೊಡ್ಡಪ್ಪ ಬಸವಣ್ಣೆಪ್ಪ. ಮನೆಯ ಹಿರಿಯರು, ಕೂಡು ಮನೆತನ, ಮನೆಯ ಎಲ್ಲ ಮಾತೂ ಅವರ ಬಾಯಿಂದಲೇ ಬರಬೇಕು. ಬಿಳಿ ಧೋತರ, ಕೈಯಲ್ಲಿ ಮರದ ಹಿಡಿಕೆಯ ಛತ್ರಿ. ಯಾರಿಗೂ ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ನಾನು ಅವರಿಗೆ ಕಾಕಾರ ಅನ್ನುತ್ತಿದ್ದೆ.

ಪಾಸ್‌ವರ್ಡಿನ ಚೌಕ ಬಂದಾಗ ನಾನು ಎಂದಿನಂತೆ ಊರಿನ ಹೆಸರು ಹೊಡೆಯಲು ಹೋದೆ. ಹುಡುಗಿ ತಡೆದಳು.

“ನಾನ ಹಾಕತೇನ್ರಿ ಅಕ್ಕಾರ,” ಅಂದವಳು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಎಡಗೈಯನ್ನು ಅಡ್ಡ ಹಿಡಿದು ಬಲಗೈಯಿಂದ ಹೊಡೆಯತೊಡಗಿದಳು.

ನಮ್ಮ ಕಡೆ ನಮ್ಮವರ ಮುಂದೆ ಏನನ್ನಾದರೂ ಮುಚ್ಚಿ ಹಿಡಿಯುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಹೊಲಕ್ಕೆ ಹೋಗುವಾಗ ಮನೆಯ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವ ಜನ ನಾವು. ಯಾವಳಾದರೂ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ, ಸಂಜೆಯ ಹೊತ್ತಿಗೆ ‘ಯಾಕ, ನಾವೇನ್ ಕಳ್ಳರ?’ ಅನ್ನುವ ಮಾತು ಓಣಿಯೆಲ್ಲ ತಿರುಗಿ ಬಂದಿರುತ್ತದೆ. ಹುಡುಗಿಯ ಆ ಅಡ್ಡಗೈ ನೋಡಿ ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗಂತೂ ಸಿಟ್ಟೇ ಬಂತು. ನಗೆಯ ದನಿಯಲ್ಲೇ ಚುಚ್ಚಿದೆ.

“ಅಯ್ಯ, ನಮ್ಮ ಮುಂದೇನ ಮುಚ್ಚತೀಯವ್ವಾ? ನಿನ್ನ ಬಂಗಾರ ಕದ್ದಕೊಂಡ ಹೋಗತೇವೇನು? ನಾಳೆ ಮರತ ಬಂದರ ತಗದ ಕೊಡಾಕಿ ನಾನ ಅಲ್ಲ? ಹೇಳು, ಏನ ಹಾಕಿದಿ?”

ಅವಳ ಮುಖ ಕೆಂಪಗಾಯಿತು. ದೊಡ್ಡಪ್ಪನನ್ನೊಮ್ಮೆ ನೋಡಿದಳು.

“ಹೇಳವ್ವಾ ರೇಣವ್ವಾ, ಅಕ್ಕಾರ ಕೇಳಾಕ ಹತ್ಯಾರ,” ಅಂದರು ಅವರು.

“ಚಂದ್ರಿ ಅಂತ ಹಾಕೇನ್ರಿ. ಮುಂದ ಅಟ್, ಮುಂದ ಒಂದು ಎರಡು ಮೂರು.”

“ಏ, ನಮ್ಮ ಎಮ್ಮಿ ಹೆಸರ!” ಅಂತ ದೊಡ್ಡಪ್ಪ ಚಪ್ಪಾಳೆ ತಟ್ಟಿ ನಕ್ಕರು. ಅಂಗಡಿಗೆ ಅಂಗಡಿಯೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹುಡುಗಿಯೂ ಕೊನೆಗೆ ನಗಲೇಬೇಕಾಯಿತು.

ಚಂದ್ರಿ ಅಂದರೆ ಅವರ ಮನೆಯ ಎಮ್ಮೆ. ಹಣೆಯ ಮೇಲೆ ಬಿಳಿ ಬೊಟ್ಟು ಇದ್ದದ್ದಕ್ಕೆ ಆ ಹೆಸರು. ಆ ಮಳೆಗಾಲದಲ್ಲಿ ಸರ್ವರ್ ಬರುವುದಕ್ಕಾಗಿ ರೇಣುಕಾ ಗಂಟೆಗಟ್ಟಲೆ ನನ್ನ ಅಂಗಡಿಯಲ್ಲಿ ಕಾಯುತ್ತಿದ್ದಳು, ಆಗ ಸ್ವಲ್ಪ ಸ್ವಲ್ಪವೇ ಹೇಳಿದ್ದು. ಅವಳು ಶಾಲೆಗೆ ಹೋಗುವಾಗ ಚಂದ್ರಿ ಈಯಲಾರದೆ ಒದ್ದಾಡಿತಂತೆ. ಮನೆಯವರೆಲ್ಲ ಆಸೆ ಬಿಟ್ಟು ಕೂತಿದ್ದರಂತೆ. ರಾಮದುರ್ಗದಿಂದ ಬಂದ ಡಾಕ್ಟರು ತೋಳಿನವರೆಗೆ ಕೈ ಹಾಕಿ ಕರುವನ್ನು ಒಳಗೇ ಹೊರಳಿಸಿ ತೆಗೆದದ್ದನ್ನು ಅವಳು ಚಂದ್ರಿಯ ಕೊರಳು ಹಿಡಿದು ನಿಂತು ನೋಡಿದ್ದಳಂತೆ.

“ಅವತ್ತಿಂದ ಬ್ಯಾರೇದೇನೂ ಬ್ಯಾಡ ಅನ್ನಸೇತ್ರಿ ನನಗ,” ಅಂದಿದ್ದಳು. “ನನಗೂ ಅದ ಕೈ ಬೇಕ್ರಿ.”

ಬೇಕಾದ ಸೀಟುಗಳನ್ನು ಮೊದಲು ಯಾವುದು, ಆಮೇಲೆ ಯಾವುದು ಅಂತ ಸಾಲಾಗಿ ತುಂಬುವ ಪಟ್ಟಿಯಲ್ಲಿ ಅವಳ ಮೊದಲ ಸಾಲುಗಳೆಲ್ಲ ಪಶುವೈದ್ಯಕೀಯ. ಬೀದರ, ಗದಗ, ಶಿವಮೊಗ್ಗ, ಹಾಸನ. ಕೆಳಗೆ ಯಾವುದಕ್ಕೂ ಇರಲಿ ಅಂತ ಬೆಳಗಾವಿಯ ಫಾರ್ಮಸಿ ಕಾಲೇಜೊಂದು. ಕೊನೆಯ ಹಂಚಿಕೆಗೆ ಮೊದಲು ಒಂದು ಅಣಕು ಹಂಚಿಕೆ ಇರುತ್ತದೆ, ಯಾವ ಸೀಟು ಸಿಗಬಹುದು ಅಂತ ತೋರಿಸುವುದಕ್ಕೆ. ಅದರಲ್ಲಿ ಅವಳಿಗೆ ಬೀದರದ ಪಶುವೈದ್ಯಕೀಯ ಬಂದಿತ್ತು. ಅವತ್ತು ಮಳೆಯಲ್ಲಿ ತೊಯ್ಸಿಕೊಂಡು ಓಡಿಬಂದು ನನ್ನ ಬಾಯಿಗೆ ಪೇಢೆ ತುರುಕಿದಳು. “ಡಾಕ್ಟರ ಬಾಯಾರ, ನಮ್ಮ ಮನಿ ಆಕಳಾ ನೋಡಾಕ ಬರ್ತೀರಲ್ರಿ?” ಅಂತ ನಾನು ಕಾಡಿಸಿದೆ. ನಾಚಿಕೊಂಡು ಓಡಿಹೋದಳು. ನನ್ನ ಕೈಯಿಂದ ಒಂದು ಒಳ್ಳೆಯ ಕೆಲಸ ಆಗುತ್ತಿದೆ ಅಂತ ನನಗೂ ಖುಷಿಯಾಗಿತ್ತು. ಅದನ್ನು ನೆನೆದರೇ ಈಗ ಮೈ ಹಿಡಿಯಾಗುತ್ತದೆ.

ಅಣಕು ಹಂಚಿಕೆಯ ನಂತರ ಪಟ್ಟಿಯನ್ನು ಹಿಂದೆ ಮುಂದೆ ಮಾಡಲು ಅವಕಾಶ ಇರುತ್ತದೆ. ಅದರ ಕೊನೆಯ ದಿನ ಮಧ್ಯಾಹ್ನ. ಶ್ರಾವಣದ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಹೆಸರುಕಾಳು ಬಿಡಿಸುವ ಹಂಗಾಮು. ಮಳೆ ಸ್ವಲ್ಪ ನಿಂತರೆ ಸಾಕು, ಕಾಯಿ ಕೊಳೆಯುವ ಮೊದಲು ಬಿಡಿಸಿಕೊಳ್ಳೋಣ ಅಂತ ಮನೆಮಂದಿಯೆಲ್ಲ ಹೊಲಕ್ಕೆ ಓಡುವ ಕಾಲ. ನನ್ನ ಅಂಗಡಿಯಲ್ಲಿ ಬೆಳೆವಿಮೆಯವರು, ಸ್ಕಾಲರ್‌ಶಿಪ್ಪಿನವರು ಒಬ್ಬರ ಕಾಲು ಒಬ್ಬರು ತುಳಿಯುವಷ್ಟು ಗದ್ದಲ. ಅದರ ನಡುವೆ ಬಸವಣ್ಣೆಪ್ಪ ಒಬ್ಬರೇ ಬಂದರು. ಛತ್ರಿಯನ್ನು ಮೂಲೆಗೆ ಆನಿಸಿ, ಕುರ್ಚಿಯಲ್ಲಿ ಕೂತು, ಬೆಂಚಿನವರಿಗೆಲ್ಲ ಚಹಾ ಹೇಳಿದರು.

“ಸುಮಿತ್ರವ್ವಾ, ನಮ್ಮ ರೇಣವ್ವನ ಪಟ್ಟಿ ಒಂಚೂರ ತಗಿ. ಬೆಳಗಾವಿದು ಮ್ಯಾಲ ಬರಲಿ.”

“ರೇಣುಕಾ ಬರಲಿಲ್ಲೇನ್ರಿ ಕಾಕಾರ?”

“ಅಕಿ ಹೆಸರ ಬಿಡಸಾಕ ಹೋಗ್ಯಾಳ. ಅಕಿದೇನೈತಿ? ಮನ್ಯಾಗ ಎಲ್ಲಾರೂ ಕುಂತ ಮಾತಾಡೇವಿ. ಬೀದರ ಅಂದ್ರ ಎಲ್ಲಿ, ನಾವ ಎಲ್ಲಿ? ಹೆಣ್ಣ ಕೂಸು, ಕಣ್ಣ ಮುಂದ ಇರಲಿ.”

ಅವರು ಪಾಸ್‌ವರ್ಡ್ ಕೇಳಲಿಲ್ಲ. ಅಂಥದೊಂದು ಬೇಕಾಗುತ್ತದೆ ಅನ್ನುವುದೂ ಅವರ ನೆನಪಿನಲ್ಲಿ ಇರಲಿಲ್ಲವೇನೋ. ನಾನೇ ಹೊಡೆದೆ. ಚಂದ್ರಿ, ಅಟ್, ಒಂದು ಎರಡು ಮೂರು. ಒಟಿಪಿ ನನ್ನ ಫೋನಿಗೇ ಬಂತು. ಫಾರ್ಮಸಿಯನ್ನು ಕೆಳಗಿನಿಂದ ಎಳೆದು ಎಲ್ಲಕ್ಕಿಂತ ಮೇಲೆ ಕೂರಿಸಿದೆ. ‘ಖಾತ್ರಿಯೇ?’ ಅಂತ ಪರದೆ ಕೇಳಿತು. ಹೌದು ಅಂತ ಒತ್ತಿದೆ. ಚಹಾ ಆರುವುದರೊಳಗೆ ಎಲ್ಲ ಮುಗಿದಿತ್ತು.

ಗದ್ದಲದಲ್ಲಿ ತಿಳಿಯಲಿಲ್ಲ ಅಂತ ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಹಿರಿಯರ ಮಾತು ಮೀರಲಾಗಲಿಲ್ಲ ಅಂತಲೂ ಹೇಳಿಕೊಂಡೆ. ಎರಡೂ ಅರ್ಧ ನಿಜ. ಉಳಿದರ್ಧ ಇನ್ನೂ ಕೆಟ್ಟದ್ದು. ನನಗೂ ಒಳಗೊಳಗೆ ಅದೇ ಸರಿ ಅನ್ನಿಸಿತ್ತು. ಬಿಳಿ ಕೋಟು, ತಲೆಯ ಮೇಲೆ ಫ್ಯಾನು, ಬೆಳಗಾವಿಯ ಹಾಸ್ಟೆಲು. ಎಮ್ಮೆಯ ಹೊಟ್ಟೆಯೊಳಗೆ ಕೈ ಹಾಕುವ ಹುಡುಗಿಯನ್ನು ನಾಳೆ ಯಾರು ಕೇಳಿಕೊಂಡು ಬಂದಾರು ಅಂತ ಮೌಸ್ ಒತ್ತುವಾಗ ನಾನು ಯೋಚಿಸಿದ್ದು ಚೆನ್ನಾಗಿ ನೆನಪಿದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅವಳ ನಂಬರ್ ನನ್ನ ಫೋನಿನಲ್ಲೇ ಇತ್ತು. ಒಂದು ಕರೆ ಮಾಡಿದ್ದರೆ ಹೊಲದ ಬದುವಿನ ಮೇಲೆ ನಿಂತಾದರೂ ಎತ್ತುತ್ತಿದ್ದಳು.

ಸೀಟು ಹಂಚಿ ಎರಡು ದಿನವಾದ ಮೇಲೆ ರೇಣುಕಾ ಒಬ್ಬಳೇ ಬಂದಳು. ಎಲ್ಲಿಯೋ ಮೊಬೈಲಿನಲ್ಲಿ ನೋಡಿಕೊಂಡೇ ಬಂದಿದ್ದಳು. ತುಟಿ ಬಿಳಚಿಕೊಂಡಿತ್ತು.

“ಅಕ್ಕಾರ, ನಾ ಒತ್ತುವಾಗ ಏನರೆ ತಪ್ಪೇನೇನ್ರಿ? ಫಾರ್ಮಸಿ ಮ್ಯಾಲ ಹ್ಯಾಂಗ ಹೋತ್ರಿ?”

ಎರಡು ದಿನದಿಂದ ಊಟ ಬಿಟ್ಟು ತನ್ನ ತಪ್ಪನ್ನೇ ಹುಡುಕುತ್ತಿದ್ದಳಂತೆ. ಅವಳನ್ನು ಹಾಗೆಯೇ ಹುಡುಕಲು ಬಿಡುವಷ್ಟು ಕಲ್ಲೆದೆ ನನಗಿರಲಿಲ್ಲ, ಅಷ್ಟೇ ನನ್ನ ಪುಣ್ಯ. ಇದ್ದದ್ದು ಇದ್ದ ಹಾಗೆ ಹೇಳಿದೆ. “ನೀನೇನೂ ತಪ್ಪಿಲ್ಲವ್ವಾ. ನಿಮ್ಮ ದೊಡ್ಡಪ್ಪಾರು ಬಂದಿದ್ದರು. ನಿನ್ನ ಪಾಸ್‌ವರ್ಡ್ ಹಾಕಿ ನಾನ ಬದಲ ಮಾಡಿದೆ.”

ಅವಳು ಬೆಂಚಿನ ಮೇಲೆ ಕೂತು ತನ್ನ ಅಂಗೈಯನ್ನೇ ನೋಡಿಕೊಂಡಳು.

“ಒಂದ ಫೋನ್ ಹಚ್ಚಬೇಕಿತ್ರಿ ಅಕ್ಕಾರ,” ಅಂದಳು.

ಅಷ್ಟೇ. ಆಮೇಲೆ ನಾನು ಓಡಾಡಿದ್ದೇನು, ಸಹಾಯವಾಣಿಗೆ ಫೋನ್ ಹಚ್ಚಿದ್ದೇನು! ಮೇಲಿನ ಸಾಲಿನ ಸೀಟು ಸಿಕ್ಕಿತೆಂದರೆ ಅದರ ಕೆಳಗಿನ ಸಾಲುಗಳೆಲ್ಲ ಅಳಿಸಿ ಹೋಗುತ್ತವೆ, ಅದು ನಿಯಮ. ಪಾಸ್‌ವರ್ಡ್ ಸರಿಯಿತ್ತು, ಒಟಿಪಿ ಸರಿಯಿತ್ತು, ಆ ಕಡೆಯವರ ಕಣ್ಣಲ್ಲಿ ಬದಲಿಸಿದವಳು ರೇಣುಕಾಳೇ. ಬರುವ ವರ್ಷ ಮತ್ತೆ ಬರೆಯುತ್ತೇನೆ ಅಂತ ಅವಳು ಮನೆಯಲ್ಲಿ ಕೇಳಿದಳಂತೆ. ಬಂದ ಸೀಟು ಒದೆಯುವುದು ಸೊಕ್ಕು ಅಂದರಂತೆ. ಗಣಪತಿ ಕೂರುವ ಮೊದಲೇ ಅವಳು ಬೆಳಗಾವಿಗೆ ಹೋದಳು.

ಅವಳು ಹೋದ ಮರುವಾರ ಬಸವಣ್ಣೆಪ್ಪ ನನ್ನ ಮನೆಗೆ ಹೊಸ ಹೆಸರುಕಾಳಿನ ಚೀಲ ಕಳಿಸಿದರು. ಮಗಳನ್ನು ದಡ ಸೇರಿಸಿದ್ದಕ್ಕೆ, ಅಂತ ಹೇಳಿ ಕಳಿಸಿದ್ದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ, ಅದೇ ನನಗೆ ನುಂಗಲಾರದ ತುತ್ತಾಯಿತು. ಬೈಯಲಿಕ್ಕೆ ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ಅರ್ಧ ಭಾರ ಅವನ ತಲೆಗೆ ಹೊರಿಸುತ್ತಿದ್ದೆ. ಆ ಕಾಳನ್ನು ಬೇಯಿಸಲೂ ಆಗಲಿಲ್ಲ, ಯಾರಿಗಾದರೂ ಕೊಡಲೂ ಆಗಲಿಲ್ಲ. ಮೂಲೆಯಲ್ಲಿ ನುಸಿ ಹಿಡಿದು ಪುಡಿಯಾಯಿತು.

ಆ ಹಿಂಗಾರಿಗೆ ನನ್ನ ಅಂಗಡಿಯ ಪದ್ಧತಿ ಬದಲಾಯಿತು. ಒಂದು ಕಂಪ್ಯೂಟರನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ನಿಮ್ಮ ಪಾಸ್‌ವರ್ಡ್ ನೀವೇ ಹಾಕಿ, ನನಗೂ ಹೇಳಬೇಡಿ, ನಿಮ್ಮ ನಂಬರನ್ನೇ ಕೊಡಿ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬರಬೇಡಿ ಅಂದೆ. ಜನ ಬೇಜಾರಾದರು. ಹೆಂಡತಿಯ ಖಾತೆ ನೋಡಲು ಬಂದ ಗಂಡಂದಿರಿಗೆ ಅವರನ್ನೇ ಕರೆದುಕೊಂಡು ಬನ್ನಿ ಅಂದಾಗ ‘ಸುಮಿತ್ರಕ್ಕಗ ಈಗ ಸೊಕ್ಕ ಬಂದೇತಿ’ ಅಂತ ಎದುರಿಗೇ ಅಂದರು. ಒಬ್ಬ ಅಜ್ಜ ನಾನು ಹೇಳಿದಂತೆ ಗೋಡೆಯ ಕಡೆ ಕೂತು, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಹೊಡೆಯುತ್ತ, ಒಂದೊಂದು ಅಕ್ಷರವನ್ನೂ ರಸ್ತೆಗೆ ಕೇಳುವಂತೆ ಒದರಿದ. “ಸಾವಕಾಶ ಹೇಳೋ ಅಜ್ಜಾ, ಬರಕೊಳ್ಳಾಕ ಹತ್ತೇವಿ!” ಅಂತ ಬೆಂಚಿನವರು ಕೂಗಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು, ಹೋಗಲಿ ಅನ್ನಿಸಿತು. ಯಾರು ಎಷ್ಟು ಎಚ್ಚರಾದರೂ ರೇಣುಕಾಳ ಪಟ್ಟಿಯೇನೂ ಮತ್ತೆ ಹಿಂದೆ ಮುಂದೆ ಆಗುವಂತಿರಲಿಲ್ಲ. ಮಕ್ಕಳ ಓದಿಗಾಗಿ ಬೈಲಹೊಂಗಲಕ್ಕೆ ಹೋಗೋಣ ಅಂತ ನನ್ನ ಯಜಮಾನರು ಅಂದಾಗ, ಅಂಗಡಿ ಮುಚ್ಚಲು ನಾನೇ ಅವಸರ ಮಾಡಿದೆ.

ಫಾರ್ಮಸಿ ಮುಗಿಸಿದ ರೇಣುಕಾ ಬೆಳಗಾವಿಯಲ್ಲಿ ನಿಲ್ಲದೆ ಯರಗಟ್ಟಿಗೇ ಬಂದು ದನಗಳ ಔಷಧಿ ಅಂಗಡಿ ಇಟ್ಟಿದ್ದಾಳೆ ಅಂತ ನಾದಿನಿ ಫೋನಿನಲ್ಲಿ ಹೇಳಿದಾಗ ನನಗೆ ಕೈಯಲ್ಲಿದ್ದ ಸೌಟು ಕೆಳಗಿಡುವುದೂ ತಿಳಿಯಲಿಲ್ಲ. ಮನುಷ್ಯರ ಔಷಧಿ ಬಿಟ್ಟು ದನಗಳದ್ದೇ ಯಾಕೆ ಅಂತ ನಾದಿನಿಗೆ ಸೋಜಿಗ. ನನಗೆ ಸೋಜಿಗವಾಗಲಿಲ್ಲ.

ಅಂತೂ ಮೊನ್ನೆ ಆ ಕೌಂಟರಿನ ಮುಂದೆ ನಿಂತೆ. ಬಸವಣ್ಣೆಪ್ಪನವರಿಗೆ ವಯಸ್ಸಾಗಿದೆ. ದಿನಾ ಕಟಕೋಳದಿಂದ ಬಸ್ಸಿಗೆ ಬಂದು ಅಂಗಡಿಯಲ್ಲಿ ಕೂರುತ್ತಾರಂತೆ. ನನಗೆ ಚಹಾ ತರಿಸಿದರು.

“ನೋಡ ಸುಮಿತ್ರವ್ವಾ, ಬೀದರಕ್ಕ ಹೋಗಿದ್ದರ ಹಿಂಗ ಕಣ್ಣ ಮುಂದ ಇರತಿದ್ಲೇನು?” ಅಂದರು, ಹಿಗ್ಗಿನಿಂದ. ನಾನು ಚಹಾದ ಕಪ್ಪಿನಲ್ಲಿ ಮುಖ ಮುಚ್ಚಿಕೊಂಡೆ. ರೇಣುಕಾ ಉಣ್ಣಿಯ ಪುಡಿ ಕಟ್ಟುತ್ತಿದ್ದಳು, ಕೇಳಿಸದವಳ ಹಾಗೆ.

ಅಷ್ಟರಲ್ಲಿ ಒಬ್ಬ ರೈತ ಬೈಕು ನಿಲ್ಲಿಸಿ ತೊಯ್ದ ಮೈಯಲ್ಲೇ ಮೆಟ್ಟಿಲು ಹತ್ತಿ ಬಂದ.

“ಅಕ್ಕಾರ, ಎಮ್ಮಿ ಮುಂಜಾನಿಯಿಂದ ಈಯಾಕ ಒದ್ದಾಡಾಕ ಹತ್ತೇತ್ರಿ. ಕರದ್ದು ಒಂದ ಕಾಲ ಅಷ್ಟ ಹೊರಗ ಬಂದೇತಿ.”

ರೇಣುಕಾಳ ಕೈ ನಿಂತಿತು. “ಮುಂದಿನ ಕಾಲೋ ಹಿಂದಿಂದೋ? ಮೂಗ ಕಾಣಸತೇತೇನು? ನೀರ ಒಡದ ಎಷ್ಟೊತ್ತಾತು?” ಅಂತ ಒಂದರ ಹಿಂದೆ ಒಂದು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಬಲಗೈ ಕೌಂಟರಿನ ಮೇಲೆ ತನಗೆ ತಾನೇ ಏನನ್ನೋ ಹಿಡಿದು ಹೊರಳಿಸುವಂತೆ ಆಡಿತು. ಆಮೇಲೆ ಆ ಕೈಯನ್ನು ಕೆಳಗೆ ಇಳಿಸಿಕೊಂಡಳು. ಡಾಕ್ಟರಿಗೆ ಫೋನ್ ಹಚ್ಚಿದಳು. ಅವರು ಸವದತ್ತಿಯ ಆಚೆ ಯಾವುದೋ ಹಳ್ಳಿಯಲ್ಲಿದ್ದರು. ಹೊರಟಿದ್ದೇನೆ, ತಡವಾಗುತ್ತದೆ ಅಂದರು.

“ಅಲ್ಲಿತನಕ ನೀವರೆ ಬರ್ರಿ ಅಕ್ಕಾರ,” ಅಂತ ರೈತ ಕೈಮುಗಿದ. “ನಿಮಗೆಲ್ಲಾ ಗೊತ್ತೈತಿ.”

“ಓದೇನ್ರಿ, ನೋಡೇನ್ರಿ, ಆದರ ನಾ ಡಾಕ್ಟರ್ ಅಲ್ಲ. ನಾ ಕೈ ಹಾಕೂವಂಗಿಲ್ರಿ,” ಅಂದಳು. “ಜಗ್ಗಾಕ ಹೋಗಬ್ಯಾಡ್ರಿ ಅಷ್ಟ. ಅದನ್ನ ಎಬ್ಬಿಸಿ ನಿಂದರಸ್ರಿ. ಡಾಕ್ಟರ್ ಬರತಾರ.”

ಅವನು ಇಳಿದು ಹೋದ. ಬಸವಣ್ಣೆಪ್ಪ ಖಾಲಿಯಾದ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಮಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವಳು ಕಳೆದುಕೊಂಡದ್ದೇನೆಂದು ಅಲ್ಲಿಯವರೆಗೆ ಅವರಿಗೆ ತಿಳಿದಿಲ್ಲ ಅಂದುಕೊಂಡಿದ್ದೆ. ತಿಳಿದಿತ್ತೋ ಏನೋ, ದಿನಾ ಬಂದು ಆ ಕುರ್ಚಿಯಲ್ಲಿ ಕೂರುವುದು ಅದಕ್ಕೇ ಇದ್ದೀತು.

ರೇಣುಕಾ ಕಂಪ್ಯೂಟರಿನ ಕಡೆ ತಿರುಗಿದಳು. ಔಷಧಿ ತರಿಸುವ ತಾಣ ತೆರೆಯಬೇಕಿತ್ತು. ಕೀಬೋರ್ಡಿನ ಮೇಲೆ ಬೆರಳಿಟ್ಟವಳು ತಡೆದು ತಲೆ ಎತ್ತಿದಳು. ಕೈ ಅಡ್ಡ ಹಿಡಿಯಲಿಲ್ಲ, ನಾಚಲಿಲ್ಲ.

“ಅಕ್ಕಾರ, ಒಂಚೂರ ಆ ಕಡೆ ಹೊಳ್ರಿ. ಪಾಸ್‌ವರ್ಡ್ ಹಾಕಬೇಕು. ದೊಡ್ಡಪ್ಪಾ, ನೀನೂ.”

ಮನೆಯ ಹಿರಿಯರು ತುಟಿ ಪಿಟಕ್ಕೆನ್ನದೆ ಎದ್ದರು. ನಾವಿಬ್ಬರೂ ಪಕ್ಕ ಪಕ್ಕ ರಸ್ತೆಯ ಕಡೆ ಮುಖ ಮಾಡಿ ನಿಂತೆವು. ಎದುರಿಗೆ ನನ್ನ ಹಳೆಯ ಸೆಂಟರಿನ ಶಟರು, ಅದರ ಮೇಲೆ ಯಾರದೋ ಬೇಕರಿಯ ಬೋರ್ಡು. ಬೆನ್ನ ಹಿಂದೆ ಕೀಲಿಗಳ ಟಕಟಕ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕಿವಿ ಇದು. ಚಂದ್ರಿಯೋ ಅಲ್ಲವೋ ಅಂತ ಸಪ್ಪಳದ ಮೇಲೆ ಊಹಿಸಲು ಹೋಯಿತು. ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಬಸವಣ್ಣೆಪ್ಪ ನನ್ನನ್ನೊಮ್ಮೆ ನೋಡಿದರು.

ಸ್ವಲ್ಪ ಹೊತ್ತಿಗೆ ರೇಣುಕಾ ಬಂದು ನನ್ನ ತೋಳು ಮುಟ್ಟಿದಳು.

“ಆತ್ರಿ ಅಕ್ಕಾರ. ಇನ್ನ ಹೊಳ್ರಿ ಈ ಕಡೆ.”

“ತಡಿಯವ್ವಾ,” ಅಂದೆ. “ಇನ್ನೊಂಚೂರ ಹಿಂಗ ನಿಂದರತೇನಿ.”